ಸೊಸ್ಯೂರನ ಕೂದಲು ಮತ್ತು ಮಳೆಗಾಲದ ಹೆರಳು

ಕೊಹಿನೂರ ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಒಂದು ಊರು. ವಜ್ರದ ಹೆಸರಾದ್ದರಿಂದ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ, ಜಿಟಿಜಿಟಿ ಮಳೆಯ ಒಂದು ಜುಲೈನಲ್ಲಿ, ಅಲ್ಲಿಯ ಶಾಲೆಯೊಂದರಲ್ಲಿ ಗಾಳಿಯ ತೇವಾಂಶದ ಬಗ್ಗೆ ಮಾತನಾಡಲು ಹೋಗಿದ್ದೆ. ಸಾಪೇಕ್ಷ ಆರ್ದ್ರತೆಯ ವ್ಯಾಖ್ಯೆ, ಶುಷ್ಕ ಮತ್ತು ಆರ್ದ್ರ ಗೋಲದ ಉಷ್ಣತಾಮಾಪಕಗಳು ಎಲ್ಲವನ್ನೂ ಹೇಳಿ ಮುಗಿಸಿ "ಪ್ರಶ್ನೆ ಇದೆಯೇ?" ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಸರ್, ಮಳಿ ಹತ್ತಿದ ಕೂಡ್ಲೇ ಕೂದಲ ಯಾಕ ಹಿಂಗ ಕೆದರತಾವ್ರೀ? ಏನ ಹಚ್ಚಿದ್ರ ಕುಂದರತಾವ?" ತರಗತಿ ನಕ್ಕಿತು. ಅವಳು ಕೂಡಲಿಲ್ಲ. ಅವಳ ಅಕ್ಕ ಮದುವೆಗೆ ಮುಂಚೆ ಪಟ್ಟಣಕ್ಕೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಕೂದಲು ನೆಟ್ಟಗೆ ಮಾಡಿಸಿಕೊಳ್ಳುವವಳಿದ್ದಳಂತೆ. ಅದು ಬೇಕೋ ಬೇಡವೋ ಎಂಬುದು ಮನೆಯ ಚರ್ಚೆ.

ಅಂದು ನಾನು ಕೊಟ್ಟ ಉತ್ತರ ಅರ್ಧದ್ದು. ಗಾಳಿಯಲ್ಲಿ ನೀರಾವಿ ಹೆಚ್ಚಾದರೆ ಕೂದಲು ಉಬ್ಬುತ್ತದೆ ಎಂದಷ್ಟೇ ಹೇಳಿ ಕೈತೊಳೆದುಕೊಂಡೆ. ಆದರೆ ಅವಳ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಎರಡು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಅವಳಿಗೆ ತೊಂದರೆಯಾಗಿದ್ದ ಗುಣವನ್ನೇ ವಿಜ್ಞಾನಿಯೊಬ್ಬ ಉಪಕರಣವನ್ನಾಗಿ ಮಾಡಿಕೊಂಡಿದ್ದ.

ಜಿನೀವಾದ ಪ್ರಾಧ್ಯಾಪಕ

ತೇವಾಂಶವನ್ನು ಅಳೆಯುವ ಪ್ರಯತ್ನ ಹಳೆಯದು. ಹದಿನೈದನೆಯ ಶತಮಾನದಲ್ಲಿ ಕ್ಯೂಸಾದ ನಿಕೊಲಾಸ್, ತಕ್ಕಡಿಯ ಒಂದು ತಟ್ಟೆಯಲ್ಲಿ ಉಣ್ಣೆ, ಇನ್ನೊಂದರಲ್ಲಿ ಕಲ್ಲು ಇಟ್ಟರೆ ತೇವದ ದಿನ ಉಣ್ಣೆಯ ತಟ್ಟೆ ಬಾಗುತ್ತದೆ ಎಂದು ಬರೆದ. 1665ರ ತನ್ನ 'ಮೈಕ್ರೊಗ್ರಾಫಿಯ' ಗ್ರಂಥದಲ್ಲಿ ರಾಬರ್ಟ್ ಹುಕ್ ಕಾಡು ಓಟ್ ಧಾನ್ಯದ ಮುಳ್ಳು ತೇವಕ್ಕೆ ತಿರುಚಿಕೊಳ್ಳುವುದನ್ನು ವರ್ಣಿಸಿದ. ನಮ್ಮ ಹಳ್ಳಿಗಳ ಹಲಗೆ ಬಾರಿಸುವವರಿಗೂ ಇದು ಗೊತ್ತು. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ನಾದ ಕೆಡುತ್ತದೆ. ಬೆಂಕಿಗೆ ಹಿಡಿದು ಕಾಯಿಸಿದ ಮೇಲೆಯೇ ಬಾರಿಸಬೇಕು. ಆದರೆ ಇವೆಲ್ಲ 'ಹೆಚ್ಚು', 'ಕಡಿಮೆ' ಎಂಬುದನ್ನು ತೋರಿಸುತ್ತಿದ್ದವೇ ಹೊರತು ಎಷ್ಟು ಎಂದು ಹೇಳುತ್ತಿರಲಿಲ್ಲ.

ಎಷ್ಟು ಎಂದು ಹೇಳುವ ಉಪಕರಣಕ್ಕೆ ಕೂದಲನ್ನು ಆರಿಸಿಕೊಂಡವನು ಹೊರೇಸ್ ಬೆನೆಡಿಕ್ಟ್ ದ ಸೊಸ್ಯೂರ್ (1740–1799). ಜಿನೀವಾದಲ್ಲಿ ಪ್ರಾಧ್ಯಾಪಕನಾಗಿದ್ದ ಈತ ಆಲ್ಪ್ಸ್ ಪರ್ವತಗಳ ಹುಚ್ಚು ಹಿಡಿಸಿಕೊಂಡಿದ್ದವನು. (ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತನಾದ ಫರ್ಡಿನಾಂಡ್ ದ ಸೊಸ್ಯೂರ್ ಇವನ ಮರಿಮಗ.) 1783ರಲ್ಲಿ ಪ್ರಕಟವಾದ ಆರ್ದ್ರತೆಯನ್ನು ಕುರಿತ ತನ್ನ ಪ್ರಬಂಧಗಳಲ್ಲಿ ಈತ ಕೂದಲಿನ ಆರ್ದ್ರತಾಮಾಪಕವನ್ನು ವಿವರಿಸಿದ್ದಾನೆ. ಒಂದು ಕೂದಲಿನ ಒಂದು ತುದಿ ಚೌಕಟ್ಟಿಗೆ ಬಿಗಿದಿದೆ; ಇನ್ನೊಂದು ತುದಿ ಸಣ್ಣ ಅಚ್ಚಿಗೆ ಸುತ್ತಿ ಹಗುರವಾದ ತೂಕದಿಂದ ಎಳೆಯಲ್ಪಟ್ಟಿದೆ; ಅಚ್ಚಿಗೆ ಮುಳ್ಳು. ಕೂದಲು ಹಿಗ್ಗಿದರೆ ಮುಳ್ಳು ಒಂದು ಕಡೆಗೆ, ಕುಗ್ಗಿದರೆ ಇನ್ನೊಂದು ಕಡೆಗೆ. ಒಳಮೈಗೆ ನೀರು ಸವರಿದ ಗಾಜಿನ ಗಂಟೆಯೊಳಗೆ ಮುಳ್ಳು ನಿಂತ ಜಾಗ 100. ತೇವ ಹೀರುವ ಲವಣದಿಂದ ಒಣಗಿಸಿದ ಗಂಟೆಯೊಳಗೆ ನಿಂತ ಜಾಗ 0. ಉಷ್ಣತಾಮಾಪಕಕ್ಕೆ ಇದ್ದಂತೆ ಎರಡು ಸ್ಥಿರ ಬಿಂದುಗಳು ಆರ್ದ್ರತೆಗೂ ದೊರೆತವು. 1787ರ ಆಗಸ್ಟ್ 3ರಂದು ಮಾಂಟ್ ಬ್ಲಾಂಕ್ ಶಿಖರವನ್ನೇರಿದಾಗ ಈ ಉಪಕರಣವೂ ಅವನೊಂದಿಗಿತ್ತು. ತಿಮಿಂಗಿಲದ ಬಾಯಿಯ ಪಟ್ಟಿಯೇ ಕೂದಲಿಗಿಂತ ಉತ್ತಮ ಎಂದು ಅದೇ ಊರಿನ ಝಾನ್ ಆಂದ್ರೆ ದೆಲ್ಯೂಕ್ ಎಂಬಾತ ಇವನೊಂದಿಗೆ ದೀರ್ಘ ಜಗಳವನ್ನೇ ಆಡಿದ. ಕೊನೆಗೆ ಉಳಿದದ್ದು ಕೂದಲು. ಪ್ರಪಂಚದ ಹವಾಮಾನ ವೀಕ್ಷಣಾಲಯಗಳಲ್ಲಿ, ನಮ್ಮ ಭಾರತೀಯ ಹವಾಮಾನ ಇಲಾಖೆಯಲ್ಲಿಯೂ, ತಿರುಗುವ ಉರುಳೆಯ ಕಾಗದದ ಮೇಲೆ ಆರ್ದ್ರತೆಯ ಗೆರೆ ಎಳೆಯುತ್ತಿದ್ದದ್ದು ಮಾನವನ ಕೂದಲಿನ ಒಂದು ಸಣ್ಣ ಕಟ್ಟು.

ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಇವನ ತಯಾರಿಯಲ್ಲಿದೆ. ಸೊಸ್ಯೂರ್ ತಲೆಯಿಂದ ತೆಗೆದ ಕೂದಲನ್ನು ಹಾಗೆಯೇ ಕಟ್ಟಲಿಲ್ಲ. ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ಅದರ ಸಹಜ ಜಿಡ್ಡನ್ನೆಲ್ಲ ತೆಗೆದ. ಜಿಡ್ಡು ಇದ್ದರೆ ಕೂದಲು ತೇವಕ್ಕೆ ಮಂದವಾಗಿ ಸ್ಪಂದಿಸುತ್ತದೆ. ಒಳ್ಳೆಯ ಆರ್ದ್ರತಾಮಾಪಕ ಬೇಕಾದರೆ ಜಿಡ್ಡು ಹೋಗಬೇಕು. ಕೂದಲು ಕೆದರಬಾರದೆಂದರೆ? ಇದೇ ಮಾತನ್ನು ತಿರುಗಿಸಿ ಓದಿಕೊಳ್ಳಬೇಕು.

ಕೂದಲು ಅಳೆಯುವುದೇನನ್ನು?

ಕೂದಲು ಗಾಳಿಯಲ್ಲಿರುವ ನೀರಾವಿಯ ಒಟ್ಟು ಪ್ರಮಾಣಕ್ಕೆ ಸ್ಪಂದಿಸುವುದಿಲ್ಲ. ಆ ಉಷ್ಣತೆಯಲ್ಲಿ ಗಾಳಿ ಹಿಡಿದುಕೊಳ್ಳಬಲ್ಲ ಗರಿಷ್ಠ ಪ್ರಮಾಣದ ಎಷ್ಟು ಭಾಗ ಇದೆ ಎಂಬುದಕ್ಕೆ ಸ್ಪಂದಿಸುತ್ತದೆ. ಪರ್ಯಾಪ್ತ ಗಾಳಿಯ ಒಂದು ಘನ ಮೀಟರಿನಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9.4 ಗ್ರಾಂ, 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ ನೀರಾವಿ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ, ಆರ್ದ್ರತೆ ಶೇ. 30 ಎಂದುಕೊಳ್ಳಿ: ನೀರಾವಿ 15 ಗ್ರಾಂ. 10 ಡಿಗ್ರಿಯ ಮಂಜು ಕವಿದ ಮುಂಜಾವಿನಲ್ಲಿ ಇರುವುದು ಬರೀ 9.4 ಗ್ರಾಂ. ಆದರೂ ಕೂದಲು ಕೆದರುವುದು ಮಂಜಿನಲ್ಲಿ, ಬಿಸಿಲಿನಲ್ಲಲ್ಲ. ಸಾಪೇಕ್ಷ ಆರ್ದ್ರತೆಯನ್ನು ಕಲಿಸುವಾಗ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಪೂರ್ತಿ ಒಣಗಿದ ಗಾಳಿಯಿಂದ ಪರ್ಯಾಪ್ತ ಗಾಳಿಗೆ ಬಂದಾಗ ಕೂದಲಿನ ಉದ್ದ ಹೆಚ್ಚುವುದು ಶೇ. 2ರಿಂದ 2.5ರಷ್ಟು ಮಾತ್ರ. ಈ ಹಿಗ್ಗುವಿಕೆ ಸಮಪ್ರಮಾಣದಲ್ಲೂ ನಡೆಯುವುದಿಲ್ಲ. ಗೇ-ಲುಸಾಕ್‌ನ ಪ್ರಸಿದ್ಧ ಕೋಷ್ಟಕದ ಪ್ರಕಾರ ಆರ್ದ್ರತೆ ಶೇ. 30 ತಲುಪುವಷ್ಟರಲ್ಲೇ ಒಟ್ಟು ಹಿಗ್ಗುವಿಕೆಯ ಶೇ. 52.8 ಭಾಗ ಮುಗಿದಿರುತ್ತದೆ, ಶೇ. 90ರಲ್ಲಿ ಶೇ. 95.4. ಹಾಗಾದರೆ ಬೇಸಿಗೆಯ ಶೇ. 30ರಿಂದ ಮಳೆಗಾಲದ ಶೇ. 90ಕ್ಕೆ ಬಂದಾಗ ಅರ್ಧ ಮೀಟರ್ ಉದ್ದದ ಕೂದಲು ಹಿಗ್ಗುವುದು ನಾಲ್ಕು ಮಿಲಿಮೀಟರಿನಷ್ಟು. ಇಷ್ಟಕ್ಕೆ ತಲೆ ಕೆದರುತ್ತದೆಯೆ? ಇಲ್ಲ. ಕೆದರುವಿಕೆಯ ಕಾರಣ ಉದ್ದದಲ್ಲಿಲ್ಲ, ಒಳಗಿನ ರಚನೆಯಲ್ಲಿದೆ. ಅದನ್ನು ತಿಳಿಯಲು ಸೊಸ್ಯೂರನ ನಂತರ ನೂರೈವತ್ತು ವರ್ಷ ಬೇಕಾಯಿತು.

1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಉಣ್ಣೆ ಮತ್ತು ಕೂದಲಿನ ಮೇಲೆ ಎಕ್ಸ್-ಕಿರಣಗಳನ್ನು ಹಾಯಿಸಿ, ಸಹಜ ಸ್ಥಿತಿಯ ಕೆರಾಟಿನ್ ಅಣುಗಳು ಮಡಿಚಿಕೊಂಡಿವೆ, ಎಳೆದಾಗ ಬಿಚ್ಚಿಕೊಳ್ಳುತ್ತವೆ ಎಂದು ತೋರಿಸಿದ. ಆ ಮಡಿಕೆ ಸುರುಳಿಯಾಕಾರದ್ದು ಎಂದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಸ್ಪಷ್ಟಪಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ ಚರ್ಮದ ಕೊಲಾಜೆನ್‌ನ ಮೂರೆಳೆಯ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಕಂಡುಹಿಡಿದದ್ದು ಇದೇ ಕಾಲದ ಸಾಧನೆ. ಹಲಗೆಯ ಚರ್ಮ ಅವರ ಪಾಲಿಗೆ, ಕೂದಲು ಪಾಲಿಂಗ್ ಪಾಲಿಗೆ ಬಂತೆನ್ನಬಹುದು.

ಕೂದಲಿನ ಉದ್ದಕ್ಕೂ ಈ ಸುರುಳಿಗಳ ಎಳೆಗಳು ಮಲಗಿವೆ. ಅವುಗಳ ನಡುವೆ ತೇವ ಹೀರುವ ಮೆದು ಪ್ರೋಟೀನು ತುಂಬಿದೆ. ನೀರು ಒಳಹೊಕ್ಕಾಗ ಎಳೆಗಳು ಉದ್ದಕ್ಕೆ ಹಿಗ್ಗಲು ಬಿಡುವುದಿಲ್ಲ, ಅಡ್ಡಕ್ಕೆ ಉಬ್ಬಲು ಬಿಡುತ್ತವೆ. ನೆನೆದ ಕೂದಲಿನ ವ್ಯಾಸ ಶೇ. 14ರ ಆಸುಪಾಸು ಹೆಚ್ಚುತ್ತದೆ. ಇನ್ನು ಗುಂಗುರು. 1953ರಲ್ಲಿ ಜಪಾನಿನ ಹೊರಿಯೊ ಮತ್ತು ಕೊಂಡೊ, ಮೆರಿನೊ ಉಣ್ಣೆಯ ಎಳೆಯ ಎರಡು ಬದಿಗಳಲ್ಲಿ ಎರಡು ಬಗೆಯ ಕೋಶಗಳಿವೆ ಎಂದು ತೋರಿಸಿದರು. ಗುಂಗುರು ಕೂದಲಿನಲ್ಲಿಯೂ ಇಂಥ ಅಸಮತೆ ಉಂಟು. ಇಸ್ತ್ರಿ ಪೆಟ್ಟಿಗೆಯೊಳಗಿನ ದ್ವಿಲೋಹ ಪಟ್ಟಿಯನ್ನು ನೆನಪಿಸಿಕೊಳ್ಳಿ: ಎರಡು ಬದಿ ಬೇರೆಬೇರೆಯಾಗಿ ಹಿಗ್ಗಿದರೆ ಪಟ್ಟಿ ಬಾಗಲೇಬೇಕು.

ಇದಕ್ಕಿಂತಲೂ ಮುಖ್ಯವಾದದ್ದು ಹೈಡ್ರೊಜನ್ ಬಂಧ. ಕೂದಲು ಒಣಗುವಾಗ ಯಾವ ಆಕಾರದಲ್ಲಿರುತ್ತದೆಯೋ ಆ ಆಕಾರವನ್ನು ಈ ದುರ್ಬಲ ಬಂಧಗಳು ಹಿಡಿದಿಡುತ್ತವೆ. ತೇವದ ಗಾಳಿಯ ನೀರಿನ ಅಣುಗಳು ನಡುವೆ ನುಗ್ಗಿ ಅವನ್ನು ಬಿಡಿಸುತ್ತವೆ. ಬಾಚಣಿಗೆಯೋ ಬಿಸಿ ಕಬ್ಬಿಣವೋ ಕೊಟ್ಟ ಆಕಾರ ಕರಗಿ ಪ್ರತಿ ಕೂದಲೂ ತನ್ನ ಹುಟ್ಟು ಬಾಗಿಗೆ ಮರಳುತ್ತದೆ, ಒಂದೊಂದೂ ಒಂದೊಂದು ದಿಕ್ಕಿಗೆ. ಕೆದರುವುದೆಂದರೆ ಇದೇ. ಗಂಧಕದ ಬಂಧಗಳು ಮಾತ್ರ ನೀರಿಗೆ ಜಗ್ಗುವುದಿಲ್ಲ.

ಕಲ್ಯಾಣದ ಎಣ್ಣೆ, ಕಡಲೂರಿನ ಶಾಂಪೂ

ಕೊಹಿನೂರದ ತಾಲ್ಲೂಕು ಕೇಂದ್ರವಾದ ಬಸವಕಲ್ಯಾಣ ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ವಿಶ್ವಕೋಶದಂಥ ಗ್ರಂಥವನ್ನು ರಚಿಸಿದ. ಇದರ ಸ್ನಾನಭೋಗದ ಭಾಗದಲ್ಲಿ ಕೇದಗೆ, ಪುನ್ನಾಗ, ಸಂಪಿಗೆ ಹೂಗಳಿಂದ ವಾಸನೆಗಟ್ಟಿಸಿದ ಎಳ್ಳಿನಿಂದ ತೆಗೆದ ಎಣ್ಣೆಯ ಅಭ್ಯಂಗವಿದೆ. ನಂತರ ಆ ಜಿಡ್ಡನ್ನು ತೆಗೆಯುವ ಸುಗಂಧ ದ್ರವ್ಯಗಳ ಲೇಪವೂ ಇದೆ. ಸೋಮೇಶ್ವರನಿಗೆ ಹೈಡ್ರೊಜನ್ ಬಂಧ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅಂಥ ಹೇಳಿಕೆಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ. ಅವನ ಉದ್ದೇಶ ಸುಖ ಮತ್ತು ಪರಿಮಳ. ಆದರೆ ಎಣ್ಣೆ ಹಚ್ಚುವುದು, ಹದವಾಗಿ ತೆಗೆಯುವುದು ಎಂಬ ಕ್ರಮ ಈ ನೆಲದಲ್ಲಿ ಒಂಬತ್ತು ನೂರು ವರ್ಷಗಳ ಹಿಂದೆಯೇ ಬರಹಕ್ಕೆ ಇಳಿದಿತ್ತು. ಸೀಗೆಕಾಯಿ, ಅಂಟುವಾಳಗಳು ಜಿಡ್ಡನ್ನು ಪೂರ್ತಿ ತೆಗೆಯದೆ ಸ್ವಲ್ಪ ಉಳಿಸುತ್ತಿದ್ದವು.

1930ರ ದಶಕದಲ್ಲಿ ಅಮೆರಿಕದಲ್ಲಿ ಕೃತಕ ಮಾರ್ಜಕದ ಶಾಂಪೂ ಬಂತು. ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಆರಂಭವಾದ ಚಿಕ್ ಶಾಂಪೂವಿನಂಥವು ಸಣ್ಣ ಸ್ಯಾಶೆಗಳಲ್ಲಿ ಹಳ್ಳಿಯ ಕಿರಾಣಿ ಅಂಗಡಿಯವರೆಗೂ ತಲುಪಿದವು. ಕೂದಲನ್ನು ಸ್ವಚ್ಛಗೊಳಿಸುವುದರಲ್ಲಿ ಇವು ಸಮರ್ಥ. ಬಲವಾದ ಶಾಂಪೂವಿನಿಂದ ದಿನವೂ ತೊಳೆಯುವುದೆಂದರೆ ಸೊಸ್ಯೂರ್ ಸೋಡಾ ನೀರಿನಲ್ಲಿ ಮಾಡಿದ ಕೆಲಸವನ್ನು ತಲೆಯ ಮೇಲೆಯೇ ಮಾಡಿದಂತೆ: ಕೂದಲು ಒಳ್ಳೆಯ ಆರ್ದ್ರತಾಮಾಪಕವಾಗುತ್ತದೆ!

ಹಾಗಾದರೆ ಏನು ಹಚ್ಚಬೇಕು? ತಲೆಗೆ ಹಚ್ಚುವ ಯಾವ ಪದಾರ್ಥವೂ ನೀರಾವಿಯನ್ನು ಪೂರ್ತಿ ತಡೆಯಲಾರದು, ನಿಧಾನಗೊಳಿಸಬಲ್ಲದು. ಎಣ್ಣೆಯ ತೆಳುಪದರ ಮಾಡುವುದು ಇದನ್ನೇ. ಕೊಬ್ಬರಿ ಎಣ್ಣೆಗೆ ಇನ್ನೊಂದು ಗುಣವಿದೆ. 2003ರಲ್ಲಿ ರೇಲೆ ಮತ್ತು ಮೋಹಿಲೆ ಎಂಬ ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ, ತೊಳೆಯುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ ಎಂದು ವರದಿ ಮಾಡಿದರು. ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆದ್ದರಿಂದ ಒಳಗೆ ಇಳಿಯುತ್ತದೆ. ಇವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದವರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಎರಡು ಸಲ ಓದಬೇಕಾಗುತ್ತದೆ ಅಷ್ಟೆ.

ಸೀಸೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಘಟಕಗಳನ್ನು ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣದಿಂದ ಕಡಿಮೆಯ ಕಡೆಗೆ ಬರೆದಿರುತ್ತಾರೆ. ಡೈಮೆಥಿಕೋನ್ ಎಂದಿದ್ದರೆ ಅದು ಸಿಲಿಕೋನ್: ನೀರನ್ನು ದೂರವಿಡುವ, ಜಾರುವ ಪದರ. ಕಂಡಿಷನರಿನಲ್ಲಿರುವ ಸೆಟ್ರಿಮೋನಿಯಂ ಕ್ಲೋರೈಡ್‌ನಂಥವು ಧನ ವಿದ್ಯುದಂಶದವು. ಸವೆದ ಕೂದಲಿನ ಮೇಲ್ಮೈ ಋಣ ವಿದ್ಯುದಂಶದ್ದಾದ್ದರಿಂದ ಬೇಕಾದ ಜಾಗಕ್ಕೇ ಹೋಗಿ ಅಂಟುತ್ತವೆ. ಗ್ಲಿಸರಿನ್ ಮೊದಲ ಸಾಲುಗಳಲ್ಲಿದ್ದರೆ ಮಳೆಗಾಲಕ್ಕೆ ಯೋಚಿಸಿ. ಅದು ಗಾಳಿಯಿಂದ ನೀರನ್ನು ಎಳೆದುಕೊಳ್ಳುವ ವಸ್ತು. ಬೆಲೆಗೂ ಇವುಗಳ ಭೌತಿಕ ಗುಣಕ್ಕೂ ಹೆಚ್ಚಿನ ಸಂಬಂಧವಿಲ್ಲ. ಒದ್ದೆ ಕೂದಲನ್ನು ಉಜ್ಜದೆ ಬಟ್ಟೆಯಲ್ಲಿ ಒತ್ತಿ, ತುಸು ಎಣ್ಣೆ ಸವರಿ, ಬಾಚಿ ಹೆರಳು ಹಾಕಿದರೆ ಒಣಗುವಾಗ ಬಂಧಗಳು ಆ ಆಕಾರದಲ್ಲೇ ಕೂಡುತ್ತವೆ. ಬಿಟ್ಟುಹೋದರೂ ಹೆರಳಿನ ಹೆಣಿಗೆ ಕೂದಲನ್ನು ಕೆದರಗೊಡುವುದಿಲ್ಲ.

ಅಕ್ಕನ ಪ್ರಶ್ನೆ

ನೆಟ್ಟಗಾಗಿಸುವ ಚಿಕಿತ್ಸೆಯ ವಿಷಯ ಬೇರೆ. 'ಕೆರಾಟಿನ್' ಎಂಬ ಹೆಸರಿನಲ್ಲಿ ನಡೆಯುವ ಹಲವು ಚಿಕಿತ್ಸೆಗಳಲ್ಲಿ ಕೆಲಸ ಮಾಡುವುದು ಕೆರಾಟಿನ್ ಅಲ್ಲ, ಫಾರ್ಮಾಲ್ಡಿಹೈಡ್ ಅಥವಾ ಬಿಸಿ ಮಾಡಿದಾಗ ಅದನ್ನು ಬಿಡುವ ವಸ್ತು. ಅದು ಪ್ರೋಟೀನಿನ ಸರಪಣಿಗಳ ನಡುವೆ ನೀರಿಗೆ ಬಿಡದ ಅಡ್ಡಬಂಧಗಳನ್ನು ಹಾಕುತ್ತದೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆಯನ್ನು ಸೀಸೆಯಲ್ಲಿ ಕೆಡದಂತೆ ಇಡುವುದೂ ಇದೇ ಕ್ರಿಯೆಯಿಂದ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. 2011ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥದೊಂದು ಉತ್ಪನ್ನದ ತಯಾರಕರಿಗೆ ಎಚ್ಚರಿಕೆ ಪತ್ರ ಕಳಿಸಿತು; ಅದರ ಸೀಸೆಯ ಮೇಲೆ 'ಫಾರ್ಮಾಲ್ಡಿಹೈಡ್ ರಹಿತ' ಎಂದಿತ್ತು. ಸುಮಾರು 34,000 ಅಮೆರಿಕನ್ ಮಹಿಳೆಯರನ್ನು ಗಮನಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 70ನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ತಗಲುವ ಸಂಭವ ಇಂಥ ಪದಾರ್ಥಗಳನ್ನು ಬಳಸದವರಲ್ಲಿ ಶೇ. 1.64, ಪದೇ ಪದೇ ಬಳಸಿದವರಲ್ಲಿ ಶೇ. 4.05. ಇದು ಸಹಸಂಬಂಧ, ಕಾರಣದ ಸಾಬೀತಲ್ಲ, ಆದರೂ ಅಲಕ್ಷಿಸುವಂಥದ್ದಲ್ಲ. ಫಾರ್ಮಾಲ್ಡಿಹೈಡ್ ಬದಲು ಬಂದ ಗ್ಲೈಆಕ್ಸಿಲಿಕ್ ಆಮ್ಲದ ಬಳಕೆಯ ನಂತರ ಮೂರು ಸಲ ಮೂತ್ರಪಿಂಡಕ್ಕೆ ಹಾನಿಯಾದ ಯುವತಿಯೊಬ್ಬಳ ಪ್ರಕರಣ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಎಲ್ಲಕ್ಕಿಂತ ಹೆಚ್ಚು ಆ ಹೊಗೆಯನ್ನು ಉಸಿರಾಡುವವರು, ಕಿಟಕಿಯಿಲ್ಲದ ಕೋಣೆಯಲ್ಲಿ ದಿನಕ್ಕೆ ನಾಲ್ಕಾರು ತಲೆಗಳಿಗೆ ಈ ಕೆಲಸ ಮಾಡುವ ಪಾರ್ಲರಿನ ಹುಡುಗಿಯರು. ಆ ದಿನ ಕೊಹಿನೂರದಲ್ಲಿ ನಾನು ಹೇಳದೆ ಬಿಟ್ಟ ಅರ್ಧ ಉತ್ತರ ಇದು.

ತರಗತಿಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ. ಒಂದೇ ತಲೆಯ, 25 ಸೆಂ.ಮೀ. ಉದ್ದದ ಎರಡು ಕೂದಲು ಬೇಕು. ಎರಡನ್ನೂ ಶಾಂಪೂವಿನಿಂದ ತೊಳೆದು ಒಣಗಿಸಿ. ಒಂದಕ್ಕೆ ಕೊಬ್ಬರಿ ಎಣ್ಣೆ ಸವರಿ. ಎರಡು ಚೌಕಟ್ಟುಗಳಲ್ಲಿ ಕೂದಲಿನ ಮೇಲ್ತುದಿಯನ್ನು ಬಿಗಿದು, ಕೆಳತುದಿಯನ್ನು ಜೋಳದ ದಂಟಿನ ಸಿಬಿರಿನಿಂದ ಮಾಡಿದ ಮುಳ್ಳಿಗೆ ಕಟ್ಟಿ. ಗುಂಡುಪಿನ್ನು ಚುಚ್ಚಿದ ಕೀಲಿನಿಂದ ಕೂದಲು 1 ಸೆಂ.ಮೀ., ಮುಳ್ಳಿನ ತುದಿ 20 ಸೆಂ.ಮೀ. ದೂರವಿರಲಿ. ಆಗ ಶೇ. 30ರಿಂದ 90ರವರೆಗಿನ ಎರಡು ಮಿಲಿಮೀಟರ್ ಹಿಗ್ಗುವಿಕೆ ನಾಲ್ಕು ಸೆಂಟಿಮೀಟರಾಗಿ ಕಾಣುತ್ತದೆ. ಎರಡನ್ನೂ ಒದ್ದೆ ಬಟ್ಟೆ ಹೊದಿಸಿದ ರಟ್ಟಿನ ಪೆಟ್ಟಿಗೆಯೊಳಗಿಟ್ಟು, ಒಂದು ಬದಿಗೆ ಪಾರದರ್ಶಕ ಹಾಳೆ ಅಂಟಿಸಿ, ಐದೈದು ನಿಮಿಷಕ್ಕೆ ಮುಳ್ಳುಗಳ ಜಾಗವನ್ನು ಗುರುತಿಸಿ ನಕ್ಷೆ ಬರೆಯಿರಿ. ತೊಳೆದ ಕೂದಲಿನ ಮುಳ್ಳು ನಿಂತಮೇಲೆ ಎಣ್ಣೆ ಸವರಿದ್ದು ಅಲ್ಲಿಗೆ ತಲುಪಲು ಇನ್ನೆಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ನಕ್ಷೆಯಿಂದಲೇ ಓದಬಹುದು. ನಂತರ ಎಣ್ಣೆಯ ಬದಲು ಮನೆಯಲ್ಲಿರುವ ಕ್ರೀಮನ್ನೋ ಸೀರಮ್ಮನ್ನೋ ಸವರಿ ಮತ್ತೆ ಅಳೆಯಿರಿ.