ಕೆರೆಯಿಂದ ಜಲಾಶಯಕ್ಕೆ: ಭೀಮಾ–ಕೃಷ್ಣೆಯರ ನಡುವಿನ ಪ್ರೇಕ್ಷಣೀಯ ತಾಣಗಳ ಚರಿತ್ರೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹೊಳೆಯ ಎರೆಭೂಮಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಚಿತ್ರ ಇಷ್ಟೇ. ಜರ್ಮನಿಯ ಕಾನ್‌ಸ್ಟಾನ್ಸ್ ನಗರದ ಮುಂದಿರುವಂಥ ನಿಸರ್ಗದತ್ತ ಸರೋವರದ ಭಾಗ್ಯ ಈ ನಾಡಿಗೆ ಇರಲಿಲ್ಲ. ಇಲ್ಲಿ ನಿಂತ ನೀರೆಲ್ಲ ಯಾರೋ ಕಟ್ಟಿಸಿ ನಿಲ್ಲಿಸಿದ್ದು. ಕಟ್ಟಿಸಿದವರು ಯಾರು, ಅದನ್ನು ನೋಡುವ ಹಕ್ಕು ಯಾರಿಗಿತ್ತು ಎಂಬುದರ ಸುತ್ತಲೇ ಇಲ್ಲಿನ ಪ್ರವಾಸದ ಚರಿತ್ರೆ ಬೆಳೆದಿದೆ ಎಂಬುದು ಈ ಲೇಖನದ ವಾದ.

ಮೊದಲು ಹೊರಗಿನಿಂದ ಜನ ಬಂದದ್ದು ನೋಡಲಿಕ್ಕಲ್ಲ, ಓದಲಿಕ್ಕೆ. ಇಂಡಿ ತಾಲೂಕಿನ ಸಾಲೋಟಗಿಯ ಕಂಬಶಾಸನ ಶಕ 867ರದು, ಅಂದರೆ ಕ್ರಿ.ಶ. 945. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ತ್ರಯೀಪುರುಷರ ಶಾಲೆಯನ್ನು ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ದೀಪದೆಣ್ಣೆಗೆಂದೇ 12 ನಿವರ್ತನ ಭೂಮಿ ದತ್ತಿಯಾದವು. ಊರವರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು, ಮುಂಜಿಗೆ ಅದರರ್ಧ, ಚೌಲಕ್ಕೆ ಮತ್ತೂ ಅರ್ಧ ಎಂಬ ಕಟ್ಟಳೆಯೂ ಶಾಸನದಲ್ಲಿದೆ. ದೂರದೂರಿನ ಹುಡುಗರನ್ನು ಸಾಕುವ ಹೊಣೆಯನ್ನು ಊರಿನ ಶುಭಕಾರ್ಯಗಳ ಮೇಲೆ ಹೀಗೆ ಹಂಚಿದ್ದು ನನ್ನ ಮಟ್ಟಿಗೆ ಈ ಸೀಮೆಯ ಅತಿ ದೊಡ್ಡ ಪ್ರೇಕ್ಷಣೀಯ ಸಂಗತಿ. ಆದರೆ ಕಣ್ಣಿಗೆ ಕಾಣುವುದು ಒಂದು ಕಲ್ಲು ಮಾತ್ರ. ಅದನ್ನು ಓದಿ ಹೇಳುವವರಿಲ್ಲದಿದ್ದರೆ ಬಂದವರು ಎರಡು ನಿಮಿಷ ನಿಂತು ಹೊರಡುತ್ತಾರೆ.

ನೀರನ್ನು ಬರೀ ಕಣ್ಣಿನ ಸುಖಕ್ಕೆಂದು ಬಳಸಿಕೊಂಡವರು ಆದಿಲಶಾಹಿಗಳು. ವಿಜಯಪುರದಿಂದ ಪೂರ್ವಕ್ಕೆ ಸಿಂದಗಿ ಹಾದಿ ಹಿಡಿದರೆ, ಸಿಂದಗಿ ಸೀಮೆ ಮುಟ್ಟುವ ಮೊದಲೇ ಕುಮಟಗಿ ಸಿಗುತ್ತದೆ. ಕೆರೆಯ ಮಗ್ಗುಲಿಗೆ ಸುಲ್ತಾನರು ವಿಹಾರಕ್ಕಾಗಿ ಕಟ್ಟಿಸಿದ ಮಂಟಪಗಳಿವೆ. ಚೌಕಾಕಾರದ ಕೊಳದ ನಡುವೆ ಎರಡಂತಸ್ತಿನ ಕಟ್ಟಡ, ಅದಕ್ಕೆ ಹೋಗಲು ಕಮಾನುಗಳ ಮೇಲಿನ ಕಿರುದಾರಿ. ನೀರನ್ನು ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಇಳಿಸಿ, ಕಾರಂಜಿಯಾಗಿ ಚಿಮ್ಮಿಸುವ, ಮಳೆಯಂತೆ ಸುರಿಸುವ ಏರ್ಪಾಡು ಇಲ್ಲಿತ್ತು. ಬಿಸಿಲನಾಡಿನಲ್ಲಿ, ಬೇಕೆಂದಾಗ ಮಳೆ! ಇಂಥ ಐಷಾರಾಮಕ್ಕಿಂತ ದೊಡ್ಡ ದರ್ಬಾರು ಬೇಕಿರಲಿಲ್ಲ.

ಹತ್ತಿರದ ಇನ್ನೊಂದು ಕಟ್ಟಡದ ಗೋಡೆಗಳು ಮತ್ತೂ ಬೆಲೆಯುಳ್ಳವು. ಗಾರೆಯ ಮೇಲೆ ಬಣ್ಣದ ಚಿತ್ರಗಳಿವೆ. ಒಂದೆಡೆ ಕುದುರೆಯೇರಿ ಬಾಗಿದ ಕೋಲಿನಿಂದ ಚೆಂಡಾಡುವ ಚೌಗಾನ್ ಆಟ, ಇನ್ನೊಂದೆಡೆ ಪಟ್ಟು ಹಿಡಿದ ಪೈಲ್ವಾನರು, ಮತ್ತೊಂದೆಡೆ ಯುರೋಪಿನ ಉಡುಪು ತೊಟ್ಟವರು. ಇವರು ಕಲ್ಪನೆಯ ಪರದೇಶಿಗಳೇ ಆಗಬೇಕಿಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಕಾರ್ನೆಲಿಸ್ ಹೇಡಾ ಎಂಬ ಡಚ್ ಚಿತ್ರಕಾರನೇ ಕೆಲಸಕ್ಕಿದ್ದ. ವಿಜಯಪುರದ ಬೀದಿಗೆ ಅಂಥ ಟೊಪ್ಪಿಗೆ ಹೊಸದಾಗಿರಲಿಲ್ಲ. ಹೆನ್ರಿ ಕಸಿನ್ಸ್ 1916ರಲ್ಲಿ ಹೊರತಂದ ವಿಜಯಪುರದ ವಾಸ್ತುಶಿಲ್ಪದ ಬೃಹತ್ ಗ್ರಂಥದಲ್ಲಿ ಕುಮಟಗಿಗೂ ಜಾಗ ಕೊಟ್ಟರು. ಈಗ ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಆದರೂ ಚಿತ್ರಗಳಲ್ಲಿ ಬಹುಪಾಲು ಮಾಸಿವೆ, ಕೆಲವೆಡೆ ಗಾರೆಯೇ ಉದುರಿದೆ.

ಸುಲ್ತಾನರ ಕಾಲದ ಇನ್ನೊಂದು ತಾಣಕ್ಕೆ ಹೆಸರುಂಟು, ನೋಟವಿಲ್ಲ. 1565ರ ಜನವರಿಯಲ್ಲಿ ವಿಜಯನಗರ ಸೋತ ಕದನವನ್ನು ತಾಳಿಕೋಟೆಯ ಹೆಸರಿನಲ್ಲಿ ಓದುತ್ತೇವೆ. ಅದಕ್ಕೇ ರಕ್ಕಸತಂಗಡಿ ಕದನ ಎಂದೂ ಹೇಳುತ್ತಾರೆ. ಆ ಹೆಸರು ಬಂದದ್ದು ಕೃಷ್ಣೆಯ ದಂಡೆಯ ರಕ್ಕಸಗಿ, ತಂಗಡಗಿಗಳಿಂದ. ಎರಡೂ ಮುದ್ದೇಬಿಹಾಳ ಸೀಮೆಯವು. ತಂಗಡಗಿಗೆ ಇಂದು ಹೋಗುವವರು ಕದನದ ನೆನಪಿಗೆ ಹೋಗುವುದಿಲ್ಲ, ಬಸವಣ್ಣನವರ ಮಡದಿ ನೀಲಾಂಬಿಕೆಯ ಐಕ್ಯಸ್ಥಳಕ್ಕೆ ಹೋಗುತ್ತಾರೆ. ಸಾಮ್ರಾಜ್ಯದ ಸೋಲಿಗಿಂತ ಶರಣೆಯ ಗದ್ದುಗೆಯೇ ಜನರ ನೆನಪಿನಲ್ಲಿ ಉಳಿದದ್ದು ಸಣ್ಣ ಮಾತಲ್ಲ.

ಸಾಮಾನ್ಯರ ತಿರುಗಾಟ ಶತಮಾನಗಳ ಕಾಲ ಇದೇ ಜಾಡಿನಲ್ಲಿ ಸಾಗಿತು. ಬಸವಣ್ಣ ಹುಟ್ಟಿದ ಬಾಗೇವಾಡಿ, ಅವರ ತಾಯಿಯ ತವರು ಇಂಗಳೇಶ್ವರ, ಮಡಿವಾಳ ಮಾಚಿದೇವನ ದೇವರಹಿಪ್ಪರಗಿ, ಗೊಲ್ಲಾಳೇಶ್ವರನ ಗೊಲಗೇರಿ. ಬುತ್ತಿ ಕಟ್ಟಿಕೊಂಡು, ಎತ್ತಿನಗಾಡಿ ಹೂಡಿಕೊಂಡು ಜಾತ್ರೆಗೆ ಹೋಗುವುದೇ ಪ್ರವಾಸ. 20ನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚಿಗೆ ತಂದ ಮೇಲೆ ಬಾಗೇವಾಡಿಗೆ ಹರಕೆ ಹೊತ್ತವರ ಜತೆಗೆ ಓದುಗರೂ ಬರತೊಡಗಿದರು.

ರೈಲು ಇದನ್ನು ಬದಲಿಸಬಹುದಿತ್ತು. 1884ರ ಹೊಟಗಿ–ಗದಗ ಮಾರ್ಗ ಇಂಡಿ, ಬಾಗೇವಾಡಿ ಸೀಮೆಗಳನ್ನು ಹಾದು ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿತು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಆ ಹಳಿ ತಾಗಲಿಲ್ಲ. ಹಳಿ ಇದ್ದ ಕಡೆಯೂ ದೂರದ ಪ್ರವಾಸಿ ಇಳಿದದ್ದು ವಿಜಯಪುರದಲ್ಲಿ, ಗೋಳಗುಮ್ಮಟ ನೋಡಿ ಮತ್ತೆ ಹತ್ತಿದ್ದೂ ಅಲ್ಲೇ.

ಬದಲಾವಣೆ ತಂದದ್ದು ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದಾಗ ಅವರಿನ್ನೂ ಪ್ರಧಾನಿಯಾಗಿರಲಿಲ್ಲ. ಮೂರು ವಾರ ತುಂಬುವುದರೊಳಗೆ ಆದರು. ಜಲಾಶಯಕ್ಕೆ ಅವರದೇ ಹೆಸರು. ನ್ಯಾಯಮಂಡಳಿ, ಅಂತರರಾಜ್ಯ ತಕರಾರು, ಹಣದ ಕೊರತೆ ಎಲ್ಲವನ್ನೂ ದಾಟಿ 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. 26 ಗೇಟುಗಳು, 519.60 ಮೀಟರ್ ಮಟ್ಟದವರೆಗೆ 123 ಟಿಎಂಸಿ ನೀರು, 290 ಮೆಗಾವಾಟ್ ವಿದ್ಯುತ್. ಇದರ ಮಗ್ಗುಲಿಗೆ ರಾಕ್ ಗಾರ್ಡನ್, ಉದ್ಯಾನಗಳು, ಸಂಗೀತ ಕಾರಂಜಿ ಬಂದವು. ಕುಮಟಗಿಯಲ್ಲಿ ಸುಲ್ತಾನರ ಪರಿವಾರಕ್ಕೆ ಚಿಮ್ಮಿದ ಕಾರಂಜಿ ಆಲಮಟ್ಟಿಯಲ್ಲಿ ಟಿಕೆಟ್ ಕೊಂಡವರೆಲ್ಲರಿಗೂ ಚಿಮ್ಮಿತು. ಹರಕೆಯಿಲ್ಲದೆ, ಜಾತ್ರೆಯಿಲ್ಲದೆ, ಬರೀ ನೀರು ನೋಡಲೆಂದು ಈ ನಾಡಿನ ಜನ ಮನೆಮಂದಿಯೊಂದಿಗೆ ಹೊರಟದ್ದು ಹೆಚ್ಚೂಕಡಿಮೆ ಆಗಿನಿಂದ.

ಈ ನೋಟಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಹಿನ್ನೀರು ಹಳೆಯ ಬಾಗಲಕೋಟೆಯ ಬಹುಭಾಗವನ್ನೂ ಕೊಲ್ಹಾರದಂಥ ಊರುಗಳನ್ನೂ ನುಂಗಿತು. ಊರು ಎತ್ತರಕ್ಕೆ ಸರಿದರೂ ಕೊಲ್ಹಾರದ ಮೊಸರು ತನ್ನ ಹೆಸರು ಬಿಟ್ಟುಕೊಡಲಿಲ್ಲ. ಸೇತುವೆ ದಾಟುವ ಬಸ್ಸಿನವರು ಇಂದಿಗೂ ಗಡಿಗೆ ಮೊಸರು ಕೇಳುತ್ತಾರೆ. ಗಡಿಗೆ ಮುಗುಚಿ ಹಿಡಿದರೂ ಬೀಳದು ಎನ್ನುವುದು ಮಾರುವವರ ಹೆಮ್ಮೆ. ಮುಳುಗಡೆಯಾದ ಊರುಗಳ ಬದುಕನ್ನು ತೋರಿಸುವ ಒಂದು ಒಳ್ಳೆಯ ಸಂಗ್ರಹಾಲಯಕ್ಕೆ ಈ ದಂಡೆಗಿಂತ ತಕ್ಕ ಜಾಗವಿಲ್ಲ.

ಕಾನ್‌ಸ್ಟಾನ್ಸ್‌ನ ಸರೋವರದ ದಂಡೆಯ ಮೇಲೆ 1388ರಲ್ಲಿ ವ್ಯಾಪಾರಿಗಳಿಗೆಂದು ಕಟ್ಟಿದ ಉಗ್ರಾಣವೊಂದಿದೆ. 1417ರಲ್ಲಿ ಅದರೊಳಗೆ ಪೋಪ್ ಒಬ್ಬರ ಆಯ್ಕೆ ನಡೆಯಿತೆಂಬ ಒಂದೇ ಸಂಗತಿಯನ್ನು ಆ ಊರು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತದೆ. ನಮ್ಮಲ್ಲಿ ಹೇಳಲು ಅದಕ್ಕಿಂತ ಕಡಿಮೆಯೇನಿಲ್ಲ. ಶಾಲೆಯ ಪ್ರವಾಸಕ್ಕೆ ಆಲಮಟ್ಟಿಯ ಬಸ್ಸು ಹೊರಡಿಸುವ ಮಾಸ್ತರರು, ಬಾಯಾರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ವರ್ಷವಾದರೂ ಬಸ್ಸನ್ನು ಕುಮಟಗಿಗೂ ಸಾಲೋಟಗಿಗೂ ತಿರುಗಿಸಿ. ಮಕ್ಕಳಿಗೆ ಚೌಗಾನ್ ಆಡುವವರನ್ನು ತೋರಿಸಿ, 27 ಮನೆಗಳ ಲೆಕ್ಕ ಓದಿ ಹೇಳಿ. ಗೋಡೆಯ ಬಣ್ಣ ಇನ್ನೂ ಸ್ವಲ್ಪ ಉಳಿದಿದೆ.