ತುಕ್ಕಿನಲ್ಲಿ ಉಳಿದ ಚರಿತ್ರೆ

ಹೊಸದಾಗಿ ಮಾಡಿದ ವಸ್ತುವನ್ನು ಬೇಕೆಂದೇ ಹಳತಾಗಿಸುವ ಹವ್ಯಾಸವೊಂದು ಬ್ರಿಟನ್ನಿನಲ್ಲಿ ಉಂಟು. ಮನೆಯ ತೋಟದಲ್ಲಿ ಪುಟ್ಟ ಹಳಿ ಹಾಸಿ ರೈಲು ಓಡಿಸುವವರಲ್ಲಿ ಕೆಲವರು ಅಂಗಡಿಯ ಸಿದ್ಧ ವ್ಯಾಗನ್ನುಗಳನ್ನು ಒಲ್ಲರು. ತೆಳು ಮರದ ಪಟ್ಟಿ, ಹಿತ್ತಾಳೆ ತಗಡುಗಳಿಂದ ತಾವೇ ಕಟ್ಟುತ್ತಾರೆ. ಕಟ್ಟಿ ಮುಗಿದ ಮೇಲೆ ಅದಕ್ಕೆ ತುಕ್ಕು, ಧೂಳು, ಮಸಿಯ ಬಣ್ಣ ಹಚ್ಚುತ್ತಾರೆ.

ಮಾದರಿ ರೈಲುಗಳು ಮೊದಲಿನಿಂದಲೂ ಹೀಗಿರಲಿಲ್ಲ. 1899ರಲ್ಲಿ ನಾರ್ತಾಂಪ್ಟನ್ನಿನಲ್ಲಿ ಆರಂಭವಾದ ಬ್ಯಾಸೆಟ್‌-ಲೋಕ್ ಸಂಸ್ಥೆಯ ಮಾದರಿಗಳು ಥಳಥಳಿಸುತ್ತಿದ್ದವು. ದುಡಿದು ಸವೆದ ರೈಲನ್ನೂ ಸುತ್ತಲಿನ ಊರನ್ನೂ ಇದ್ದ ಹಾಗೆಯೇ ತೋರಿಸಿದ ಮೊದಲಿಗರಲ್ಲಿ ಜಾನ್ ಅಹರ್ನ್ ಒಬ್ಬರು. 1930ರ ದಶಕದ ಕೊನೆಯಲ್ಲಿ ಅವರು ಕಟ್ಟತೊಡಗಿದ 'ಮ್ಯಾಡರ್ ವ್ಯಾಲಿ' ರೈಲ್ವೆ ಈಗ ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಮ್ಯೂಸಿಯಮ್ಮಿನಲ್ಲಿದೆ.

ತೋಟದ ರೈಲಿನವರಿಗೆ ಅಚ್ಚುಮೆಚ್ಚಿನ ಮಾದರಿಗಳಲ್ಲೊಂದು ಉತ್ತರ ವೇಲ್ಸಿನ ಸ್ಲೇಟು ವ್ಯಾಗನ್ನು. ಸ್ಲೇಟು ಎಂದರೆ ನಮಗೆ ನೆನಪಾಗುವುದು ಶಾಲೆಯ ದಿನಗಳು; ಅಲ್ಲಿ ಅದು ಮುಖ್ಯವಾಗಿ ಮನೆಯ ಛಾವಣಿಗೆ ಹೊದಿಸುವ ಕಲ್ಲು. ಅದನ್ನು ಬೆಟ್ಟದ ಗಣಿಗಳಿಂದ ಬಂದರಿಗೆ ಸಾಗಿಸಲು 1836ರಲ್ಲಿ ಫೆಸ್ಟಿನಿಯೋಗ್ ರೈಲ್ವೆ ಆರಂಭವಾಯಿತು. ಹಳಿಗಳ ಅಂತರ ಎರಡಡಿಗೂ ಕೊಂಚ ಕಡಿಮೆ. ಒಂದಡಿಗೆ 16 ಮಿ.ಮೀ. ಲೆಕ್ಕ ಹಿಡಿದರೆ ತೋಟದಲ್ಲಿ 32 ಮಿ.ಮೀ. ಹಳಿ ಸರಿಹೋಗುತ್ತದೆ.

ತುಂಬಿದ ವ್ಯಾಗನ್ನುಗಳು ಇಳಿಜಾರಿನಲ್ಲಿ ತಾವಾಗಿಯೇ ಉರುಳಿ ಬರುತ್ತಿದ್ದವು. ಬ್ರೇಕಿನವರು ಅವುಗಳ ಮೇಲೆಯೇ ಕುಳಿತು ವೇಗ ತಡೆಯುತ್ತಿದ್ದರು. ಆರಂಭದ ವರ್ಷಗಳಲ್ಲಿ ಕುದುರೆಗಳೂ ವ್ಯಾಗನ್ನಿನಲ್ಲಿ ನಿಂತು ಕೆಳಗಿಳಿದು, ಖಾಲಿ ವ್ಯಾಗನ್ನುಗಳನ್ನು ಮೇಲಕ್ಕೆ ಎಳೆಯುತ್ತಿದ್ದವು. 1863ರಲ್ಲಿ ಉಗಿ ಎಂಜಿನ್ ಬಂತು.

ಈ ಬದುಕು ತಿಳಿಯದೆ ತುಕ್ಕಿನ ಬಣ್ಣ ಹಚ್ಚಲಾಗದು. ತುಕ್ಕು ಎಲ್ಲೆಂದರಲ್ಲಿ ಹಿಡಿಯುವುದಿಲ್ಲ; ಬೋಲ್ಟಿನ ಸುತ್ತ ಹುಟ್ಟಿ ಮಳೆನೀರಿನೊಡನೆ ಕೆಳಗಿಳಿಯುತ್ತದೆ. ಕೈ ಮತ್ತು ಕಲ್ಲು ತಾಗುವ ಕಡೆ ಕಬ್ಬಿಣ ಸವೆದು ಹೊಳೆಯುತ್ತದೆ. ಹಳೆಯ ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಬಣ್ಣ ತಿಳಿಯದು; ಹಾಗಾಗಿ ಉಳಿದಿರುವ ವ್ಯಾಗನ್ನುಗಳನ್ನೇ ನೋಡಬೇಕು. ಮರದ ಎಳೆಯುದ್ದಕ್ಕೂ ತಂತಿಯ ಬ್ರಷ್ಷು ಉಜ್ಜಿ, ನೀರಾಗಿಸಿದ ಬೂದು ಬಣ್ಣ ಸವರಿದರೆ ಹೊಸ ಹಲಗೆಗೂ ವಯಸ್ಸಾಗುತ್ತದೆ. ಕೊನೆಗೆ ತಳಕ್ಕೆ ಸ್ಲೇಟಿನ ಧೂಳಿನ ಬಣ್ಣ.

ಆ ಧೂಳು ಬರಿಯ ಅಲಂಕಾರವಲ್ಲ. ಸ್ಲೇಟು ಕೊರೆಯುವಾಗ, ಕೊಯ್ಯುವಾಗ ಏಳುತ್ತಿದ್ದ ಅದೇ ಧೂಳು ಕಾರ್ಮಿಕರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ರೋಗ ತಂದಿತು. ಎಷ್ಟೋ ಗಣಿಗಳು ಮುಚ್ಚಿ, ಪರಿಹಾರ ಕೇಳಲು ಮಾಲೀಕರೇ ಇಲ್ಲವಾದಾಗ ಬ್ರಿಟಿಷ್ ಸಂಸತ್ತು 1979ರಲ್ಲಿ ಕಾನೂನು ಮಾಡಿ ಸರ್ಕಾರದಿಂದಲೇ ಪರಿಹಾರ ಕೊಡಿಸಬೇಕಾಯಿತು.

ಫೆಸ್ಟಿನಿಯೋಗ್ ಮಾರ್ಗ 1946ರಲ್ಲಿ ನಿಂತಿತು. ಹವ್ಯಾಸಿಗಳ ಶ್ರಮದಿಂದ 1955ರಲ್ಲಿ ಮತ್ತೆ ಓಡತೊಡಗಿ ಪ್ರವಾಸಿಗರನ್ನು ಸೆಳೆಯುತ್ತಿದೆ. 2021ರಲ್ಲಿ ಆ ಸ್ಲೇಟು ಸೀಮೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪರಂಪರೆಯಾದದ್ದಕ್ಕೆ ಹೊಸ ಬಣ್ಣ ಬಳಿಯುವುದು ಸುಲಭ. ಹೊಳೆಯುವ ವ್ಯಾಗನ್ನು ಅದನ್ನು ಮಾಡಿಸಿದ ಕಂಪನಿಯ ಕಥೆ ಹೇಳುತ್ತದೆ. ಕೊಳೆಯಾದ ವ್ಯಾಗನ್ನು ಅದನ್ನು ತುಂಬಿದವರ, ತಳ್ಳಿದವರ ಕಥೆ ಹೇಳುತ್ತದೆ.