ಡಿಸ್ಟಾರ್ಶನ್ ಮತ್ತು ಜೇನುಹುಳ

ಹೊಸ ಡಿಜಿಟಲ್ ಪ್ರೊಸೆಸರ್ ಕೊಂಡ ಗೆಳೆಯನದ್ದು ಒಂದೇ ಗೋಳು: "ಡಿಸ್ಟಾರ್ಶನ್ ಹಾಕಿದ್ರೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಕೇಳತ್ತೆ ಮಾರಾಯ, ಮಾರಿಬಿಡ್ಲಾ?" ಬೇಡ ಅಂದೆ. ಈ ಕಾಯಿಲೆಗೆ ಮದ್ದು ಸಿಕ್ಕಿದ್ದು ಡಿಜಿಟಲ್ ಮಾಡೆಲಿಂಗ್ ಬರೋ ಮುಂಚೆಯೇ.

ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5000 ಹರ್ಟ್ಸ್ ದಾಟಿದ ಸದ್ದನ್ನು ಹೆಚ್ಚುಕಡಿಮೆ ನುಂಗಿಬಿಡತ್ತೆ. ಡಿಸ್ಟಾರ್ಶನ್ನಿನ ಕರ್ಕಶವೆಲ್ಲ ಬಹುಪಾಲು ಇರೋದು ಅಲ್ಲೇ. ಬಾಸ್ಟನ್ ಎಂಬ ರಾಕ್ ತಂಡದ ಟಾಮ್ ಶೋಲ್ಜ್ (ಎಂಐಟಿಯಲ್ಲಿ ಓದಿದ ಮೆಕ್ಯಾನಿಕಲ್ ಇಂಜಿನಿಯರ್, ನಮ್ಮ ಪೈಕಿಯವನೇ ಅನ್ನಿ!) 1982ರಲ್ಲಿ ರಾಕ್‌ಮ್ಯಾನ್ ಎಂಬ ಪುಟ್ಟ ಹೆಡ್‌ಫೋನ್ ಆಂಪ್ ತಂದಾಗ, ಸ್ಪೀಕರಿನ ಈ ಗುಣವನ್ನೂ ಫಿಲ್ಟರ್‌ಗಳಲ್ಲಿ ಅನುಕರಿಸಿದ್ದ. ಡೆಫ್ ಲೆಪ್ಪರ್ಡ್ ತಂಡದ 'ಹಿಸ್ಟೀರಿಯಾ' (1987) ಆಲ್ಬಮ್ಮಿನ ಗಿಟಾರ್‌ಗಳಿಗೂ ಅದನ್ನು ಬಳಸಿದರು. ನನ್ನ ಪ್ರಕಾರ ಕಥೆಯ ನಿಜವಾದ ತಿರುವು ಇದೇ.

1989ರ ಸ್ಯಾನ್ಸ್‌ಆಂಪ್ ಕೂಡ ಅನಲಾಗ್. 1998ರಲ್ಲಿ ಲೈನ್ 6 ಕಂಪನಿಯ ಕೆಂಪು ಪಾಡ್ ಹಲವು ಆಂಪ್‌ಗಳನ್ನು ಸಾಫ್ಟ್‌ವೇರಿಗಿಳಿಸಿತು, ಸ್ಪೀಕರ್ ಕ್ಯಾಬಿನೆಟ್ಟುಗಳ ಸಮೇತ. 2011ರ ಕೆಂಪರ್ ಇನ್ನೂ ಮುಂದೆ ಹೋಗಿ, ನಿಜವಾದ ಆಂಪ್‌ಗೆ ಮೈಕ್ ಇಟ್ಟು ಅಳೆದು ಅದರ ಪಡಿಯಚ್ಚು ತೆಗೆಯಿತು.

ಹಾಗಾಗಿ ಹೆಡ್‌ಫೋನಿಗೋ ಕಂಪ್ಯೂಟರಿಗೋ ಜೋಡಿಸುವಾಗ ಕ್ಯಾಬಿನೆಟ್ ಸಿಮ್ಯುಲೇಶನ್ ಆನ್ ಇರಲಿ. ಗಿಟಾರ್ ಆಂಪ್‌ಗೇ ಜೋಡಿಸಿದರೆ ಆಫ್ ಮಾಡಿ, ಇಲ್ಲದಿದ್ದರೆ ಸದ್ದು ಎರಡೆರಡು ಸ್ಪೀಕರ್ ದಾಟಿ ಕಂಬಳಿ ಹೊದ್ದ ಹಾಗಾಗತ್ತೆ. ಆಮೇಲೆ ಗೇನ್ ಒಂಚೂರು ಇಳಿಸಿ ನೋಡಿ...